ಬಾಣಂತಿ ಮರಗಳ ಕೆರೆ

ಅರಣ್ಯ ಇಲಾಖೆಗೆ ಹೊಸದಾಗಿ ಸೇರುವ ಮಕ್ಕಳಿಗೆ ಈಗ ತರಬೇತಿಯಲ್ಲಿ ಬಹಳ ಹೇಳಿಕೊಡುತ್ತಾರಂತೆ. ಮೊಬೈಲಿನಲ್ಲಿ ನಕ್ಷೆ ನೋಡುವುದು, ಹಾವು ಹಿಡಿಯುವುದು, ಜನರ ಜೊತೆ ನಯವಾಗಿ ಮಾತಾಡುವುದು. ಒಳ್ಳೆಯದೇ. ಆದರೆ ಸೌದೆಗೆ ಬಂದ ಹೆಂಗಸಿನ ಕೈಯಿಂದ ಕೊಡಲಿ ಕಿತ್ತುಕೊಂಡ ಮೇಲೆ ಆ ಕೊಡಲಿಯನ್ನು ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿಕೊಟ್ಟಿರಲಿಲ್ಲ. ನನ್ನ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ದಿನ ಹೊದಿಸಿದ ಶಾಲು, ಇವನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಶಾಲು ಬೀರುವಿನಲ್ಲಿದೆ, ಅದರ ಪಾಡಿಗೆ ಅದಿರಲಿ. ನಾನು ಹೇಳಬೇಕಾದದ್ದು ಒಂದು ಕೊಡಲಿಯ ಕಥೆ, ಅದರ ಒಡತಿ ಪಿಳ್ಳಮ್ಮನ ಕಥೆ. ಮರ ಕಡಿಯುವುದನ್ನೇ ನಂಬಿ ಬದುಕುತ್ತಿದ್ದ ಅವಳ ಗುಂಪಿನ ಜನಕ್ಕೆ, ಮರ ಕಡಿಯುವುದು ನಿಂತ ಮೇಲೆ ಅನ್ನ ಎಲ್ಲಿಂದ ಬಂತು ಎಂಬ ಕಥೆ.

ಬೆಂಗಳೂರಿನ ಹತ್ತಿರದ ನಮ್ಮ ಮಧುರೆಯಿಂದ ತ್ಯಾಮಗೊಂಡ್ಲು ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಹೊನ್ನಕ್ಕನ ಕೆರೆ ಸಿಗುತ್ತದೆ. ಏರಿಯ ಕೆಳಗೆ ಒಂದು ಪಾಳ್ಯ, ಮೂರು ಕಡೆಯೂ ಕಾವಲು, ಅಂದರೆ ಇಲಾಖೆಯ ಕಾಡು. ನಾನು ಗಾರ್ಡ್ ಆಗಿ ಬಂದಾಗ ಕಾವಲಿನ ತುಂಬ ನೀಲಗಿರಿ. ನೆಡುವುದು, ಬೆಳೆಸುವುದು, ಹರಾಜು ಹಾಕುವುದು, ಕಡಿಯುವುದು, ಬುಡದಿಂದ ಮತ್ತೆ ಚಿಗುರಿದರೆ ಮತ್ತೆ ಕಡಿಯುವುದು. ಹೀಗೆ ಕಡಿಯಲು ಗುರುತು ಹಾಕಿದ ಕಾಡಿನ ತುಂಡಿಗೆ ನಾವು ಕೂಪು ಅನ್ನುತ್ತೇವೆ. ಕೂಪು ಶುರುವಾದರೆ ಲಾರಿಗಳು ಬರುತ್ತಿದ್ದವು, ನೀಲಗಿರಿ ಎಣ್ಣೆಯ ವಾಸನೆ ಊಟದ ಬುತ್ತಿಯವರೆಗೂ ಹತ್ತುತ್ತಿತ್ತು. ನಾನು ಬೆಳಗ್ಗೆ ಗಸ್ತು ಹೊರಟರೆ ಮೊದಲು ಏರಿಯ ಮೇಲಿನ ಬೇವಿನ ಮರದಲ್ಲಿ ಒಂದು ಕಡ್ಡಿ ಮುರಿದು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಹಲ್ಲುಜ್ಜುತ್ತಲೇ ಅರ್ಧ ಗಸ್ತು ಮುಗಿಯುತ್ತಿತ್ತು. ಪೇಸ್ಟು ಬ್ರಷ್ಷು ನಮ್ಮ ಮನೆಗೆ ಬಂದದ್ದು ಹೆಂಡತಿಯ ಕಾಲ್ಗುಣದಿಂದ.

ಆಗಿನ ನಮ್ಮ ರೇಂಜರ್ ಸಾಹೇಬರು ನೀಲಗಿರಿಯ ಪರಮ ಭಕ್ತರು. ಕಾಂಡಕ್ಕೆ ಕೈಯಲ್ಲಿ ತಟ್ಟಿ, ಕಿವಿಯಿಟ್ಟು, ಎಷ್ಟು ಗಳ ಬೀಳುತ್ತದೆ ಅಂತ ಹೇಳಿಬಿಡುತ್ತಿದ್ದರು. ನಾನು ಹೊಸದರಲ್ಲಿ ಒಮ್ಮೆ ಕೆರೆಯ ನೀರಿನ ಮೇಲೆ ಸಾಲಾಗಿ ಹಾರುತ್ತಿದ್ದ ಕೊಕ್ಕರೆಗಳನ್ನು ನೋಡುತ್ತ ನಿಂತಿದ್ದೆ. ಹಿಂದಿನಿಂದ ಬಂದು, "ಏನಪ್ಪಾ, ಸಂಬಳ ಕೊಕ್ಕರೆ ಕೊಡುತ್ತಾ? ಕೆರೆ ನೋಡಬೇಡ, ಮರ ನೋಡು" ಅಂದರು. ಒಳ್ಳೆಯ ಮನುಷ್ಯರು, ನನ್ನ ಮದುವೆಗೆ ಬಂದು ಊಟಕ್ಕೆ ಬಡಿಸಿದವರು. ಆದರೆ ಅವರಿಗೆ ಕೆರೆ ಅಂದರೆ ಲಾರಿ ಸುತ್ತು ಹಾಕಿಕೊಂಡು ಹೋಗಬೇಕಾದ ಒಂದು ಗುಂಡಿ. ನಮ್ಮ ಕಾಗದಗಳಲ್ಲೂ ಅದು ಬರೀ ಪೂರ್ವದ ಗಡಿ. ನಾನೂ ಅವರ ಮಾತು ಕೇಳಿ ಬಹಳ ವರ್ಷ ಕೆರೆಗೆ ಬೆನ್ನು ಹಾಕಿಯೇ ಕೆಲಸ ಮಾಡಿದೆ.

ಕೊಡಲಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಂದು ರೂಢಿಯಿತ್ತು. ಸೌದೆಗೆ ಬಂದವರು ಸಿಕ್ಕಿದರೆ ಕೇಸು ಹಾಕುವುದಿಲ್ಲ, ಕೊಡಲಿಯನ್ನೋ ಮಚ್ಚನ್ನೋ ಕಿತ್ತುಕೊಂಡು ಕ್ವಾರ್ಟರ್ಸಿನಲ್ಲಿ ಇಟ್ಟುಕೊಳ್ಳುವುದು. ಅವರು ಬಂದು ಅತ್ತು ಕರೆದು, ಇನ್ನು ಬರಲ್ಲ ಅಂತ ಆಣೆ ಮಾಡಿದ ಮೇಲೆ ವಾಪಸು ಕೊಡುವುದು. ಮಾರನೆಯ ವಾರ ಅವರೇ ಮತ್ತೆ ಸಿಗುವುದು. ಇದು ಎರಡೂ ಕಡೆಯವರಿಗೆ ಗೊತ್ತಿದ್ದ ಆಟ.

ಪಿಳ್ಳಮ್ಮ ಆಟ ಆಡುವವಳಾಗಿರಲಿಲ್ಲ. ನೀಲಗಿರಿಯ ಒಣ ಕೊಂಬೆ ಕಡಿಯುತ್ತಿದ್ದಳು, ನಾನು ಹೋಗಿ ಕೊಡಲಿ ಹಿಡಿದೆ. ಬಿಡಲಿಲ್ಲ. ನಾನೂ ಬಿಡಲಿಲ್ಲ.

"ಕೊಡಪ್ಪಾ, ಇದಿಲ್ದೆ ಒಲೆ ಹತ್ತಲ್ಲ."

"ಯಾರನ್ನ ಕೇಳಿ ಕಾಡಿಗೆ ಬಂದೆ? ಕ್ವಾರ್ಟರ್ಸ್ ಹತ್ರ ಬಂದು ಈಸ್ಕೊ."

ಬಂದಳು. ಅಳಲಿಲ್ಲ, ಆಣೆ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತಳು, ಅಷ್ಟೆ. ನಾನು ಒಳಗೆ ಹೊರಗೆ ಓಡಾಡಿದಾಗಲೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ಮಧ್ಯಾಹ್ನ ನನ್ನ ಹೆಂಡತಿ ಅವಳಿಗೆ ಮುದ್ದೆ ಸಾರು ಕೊಟ್ಟಳು. ಉಂಡು, ತಟ್ಟೆ ತೊಳೆದಿಟ್ಟು, ಮತ್ತೆ ಅಲ್ಲೇ ಕೂತಳು. ಸಂಜೆ ಹೊತ್ತಿಗೆ ನನ್ನ ಹೆಂಡತಿಗೆ ರೇಗಿಹೋಯಿತು. "ಕೊಟ್ಟು ಕಳಿಸ್ರೀ ಅತ್ಲಾಗೆ, ನೀವೇನು ಆ ಕೊಡ್ಲಿ ಹಿಡ್ಕೊಂಡು ಯುದ್ಧಕ್ಕೆ ಹೋಗ್ಬೇಕಾ?" ಅಂದಳು. ಕೊಟ್ಟೆ. ಪಿಳ್ಳಮ್ಮ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ, "ಮೊಂಡು ಮಾಡಿಲ್ಲ, ಒಳ್ಳೇದಾಯ್ತು" ಅಂತ ಹೇಳಿ ಹೊರಟುಹೋದಳು. ಅವತ್ತಿನಿಂದ ನಾನು ಅವಳಿಗೆ ಗಾರ್ಡಪ್ಪ. ಆಮೇಲೆ ಫಾರೆಸ್ಟರ್ ಆದೆ, ಇನ್ನೇನೋ ಆದೆ, ಅವಳ ಬಾಯಲ್ಲಿ ಮಾತ್ರ ಗಾರ್ಡಪ್ಪನೇ.

ಮುಂದಿನ ಕೂಪಿಗೆ ಅವಳೂ ಅವಳ ಗಂಡನೂ ಕೂಲಿಗೆ ಬಂದರು. ಗಂಡ ತೀರಿಕೊಂಡ ಮೇಲೆ ಗುಂಪಿಗೆ ಅವಳೇ ಮೇಸ್ತ್ರಿಯಾದಳು. ಹೆಂಗಸು ಮೇಸ್ತ್ರಿ ಏನು ಅಂತ ಕಂಟ್ರಾಕ್ಟರು ಮೂಗು ಮುರಿದ. ಒಂದು ಕೂಪು ಮುಗಿಯುವುದರೊಳಗೆ ಬಾಯಿ ಮುಚ್ಚಿಕೊಂಡ. ಗಂಡಸರು ಕಡಿಯುವುದು, ಹೆಂಗಸರು ತೊಗಟೆ ಸುಲಿದು ಗಳ ಜೋಡಿಸುವುದು. ಇವಳು ಎರಡೂ ಮಾಡಿ, ನಡುವೆ ಎಲ್ಲರನ್ನೂ ಬೈಯುತ್ತಿದ್ದಳು.

ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಮರದಲ್ಲಿ ಗೂಡು, ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಕಂಡರೆ ಆ ಮರಕ್ಕೆ ಕೊಡಲಿ ಹಾಕುತ್ತಿರಲಿಲ್ಲ. ಹಳೆ ಸೀರೆಯ ಒಂದು ಚೂರು ಹರಿದು ಕಾಂಡಕ್ಕೆ ಕಟ್ಟುತ್ತಿದ್ದರು. ಅದು ಬಾಣಂತಿ ಮರ. ಮರಿ ಹಾರಿಹೋದ ಮೇಲೆ ಬಂದು ಕಡಿಯುವುದು. ನೀಲಗಿರಿಯಲ್ಲಿ ಗೂಡು ಕಟ್ಟುವ ಹಕ್ಕಿ ಕಡಿಮೆ. ಒಂದು ಕೂಪಿಗೆ ಎಲ್ಲೋ ಒಂದು ಕಾಗೆ, ಒಂದು ಹದ್ದು. ಹೀಗಾಗಿ ಕಂಟ್ರಾಕ್ಟರೂ ನಗುತ್ತಿದ್ದ, ನಾವೂ ನಗುತ್ತಿದ್ದೆವು. ಯಾರಿಗೂ ಅದರಿಂದ ಏನೂ ಹೋಗುತ್ತಿರಲಿಲ್ಲ.

ಲಾರಿಯ ಕಥೆ ಹೇಳದಿದ್ದರೆ ಪಾಳ್ಯದವರು ನನ್ನನ್ನು ಬಿಡುವುದಿಲ್ಲ. ಒಂದು ಬೇಸಿಗೆ, ಕೆರೆ ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ನಮ್ಮ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಸುತ್ತಿಕೊಂಡು ಯಾಕೆ ಹೋಗಬೇಕು, ಅಡ್ಡಕ್ಕೆ ದಾಟಿಸಿಬಿಡೋಣ. "ನೆಲ ಕಲ್ಲಾಗಿದೆ ಕಣಯ್ಯಾ" ಅಂತ ತಾವೇ ಎರಡು ಸಲ ಕುಣಿದು ತೋರಿಸಿದರು. ಪಿಳ್ಳಮ್ಮ, "ಸೋಮಿ, ನೀವು ಕುಣಿದ್ರೆ ತಡೆಯುತ್ತೆ, ಲಾರಿ ಕುಣಿದ್ರೆ ತಡೆಯಲ್ಲ" ಅಂದಳು. ಯಾರು ಕೇಳುತ್ತಾರೆ. ಗಳ ತುಂಬಿದ ಲಾರಿ ಏರಿಯ ಪಕ್ಕಕ್ಕೆ ಬರುತ್ತಿದ್ದಂತೆ ಮೇಲಿನ ಗಟ್ಟಿ ಪದರ ಒಡೆದು, ಹಿಂದಿನ ಚಕ್ರ ಪೂರ್ತಿ ಒಳಗೆ ಕೂತುಬಿಟ್ಟಿತು. ಗಳ ಇಳಿಸಿದರು, ಎತ್ತು ಕಟ್ಟಿದರು, ಟ್ರ್ಯಾಕ್ಟರ್ ತಂದರು. ಎಳೆದಷ್ಟೂ ಒಳಗೆ ಹೋಯಿತು. ಅಷ್ಟರಲ್ಲಿ ಮಳೆಯೂ ಬಂತು. ಆ ವರ್ಷವೆಲ್ಲ ನೀರಿನ ಮೇಲೆ ಲಾರಿಯ ತಲೆ ಮಾತ್ರ ಕಾಣುತ್ತಿತ್ತು, ಅದರ ಮೇಲೆ ಸಾಲಾಗಿ ಬೆಳ್ಳಕ್ಕಿ. ಮುಂದಿನ ಬೇಸಿಗೆಯಲ್ಲಿ ಅಗೆದು ತೆಗೆದರು. ಆಗ ಆದ ಹಳ್ಳಕ್ಕೆ ಈಗಲೂ ಲಾರಿ ಗುಂಡಿ ಅಂತಲೇ ಹೆಸರು. ಬೇಸಿಗೆಯಲ್ಲೂ ನೀರು ನಿಲ್ಲುವ ಜಾಗ ಅದೊಂದೇ. ಇದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕೊಡಲಿ ಹೋಗಿ ಯಂತ್ರದ ಗರಗಸ ಬಂತು. ಆಮೇಲೆ ನೀಲಗಿರಿಯೇ ಬೇಡ ಅಂತಾಯಿತು. ಅಂತರ್ಜಲ ಕುಡಿಯುತ್ತದೆ, ಇನ್ನು ನೆಡಬಾರದು, ಇರುವುದನ್ನು ಕಡಿದು ಬುಡ ಕೀಳಿ ಅಂದರು. ಜೀವಮಾನವೆಲ್ಲ ಕಾದ ಮರವನ್ನು ಬುಡಸಮೇತ ಕೀಳಿಸಿದೆ. ಆ ಜಾಗದಲ್ಲಿ ಹೊಂಗೆ, ನೇರಳೆ, ಅತ್ತಿ, ಬೇವು ನೆಟ್ಟೆವು. ಹೊಟ್ಟೆ ಉರಿಯಿತೇ ಅಂತ ಕೇಳಿದರೆ, ಇಲ್ಲ. ನೇರಳೆ ಗಿಡ ನೆಡುವಾಗ ಆದ ಸಂತೋಷ ನನಗೆ ನೀಲಗಿರಿ ಎಣಿಸುವಾಗ ಎಂದೂ ಆಗಿರಲಿಲ್ಲ.

ಆದರೆ ಪಿಳ್ಳಮ್ಮ ಒಂದು ದಿನ ನನ್ನನ್ನು ಏರಿಯ ಮೇಲೆ ನಿಲ್ಲಿಸಿ ಕೇಳಿದಳು. "ಗಾರ್ಡಪ್ಪಾ, ನಿಂಗೆ ಗೌರ್ಮೆಂಟ್ ಸಂಬ್ಳ. ಮರ ನೆಟ್ರೂ ಬರುತ್ತೆ, ಕಿತ್ರೂ ಬರುತ್ತೆ. ನಮ್ಗೆ?"

"ಏನಾದ್ರೂ ಮಾಡೋಣ ಇರು" ಅಂದೆ.

"ಏನಾದ್ರೂ ಅನ್ನೋದು ಒಲೆ ಮೇಲೆ ಬೇಯಲ್ಲಪ್ಪ."

ಆ ಮಾತು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಅವಳ ಜನಕ್ಕೆ ಜಮೀನಿಲ್ಲ, ಬೇರೆ ಕಸುಬಿಲ್ಲ. ನಾನು ನಿವೃತ್ತಿಯಾಗುವುದರೊಳಗೆ ಇವರಿಗೊಂದು ದಾರಿ ಮಾಡದಿದ್ದರೆ ಆ ಮೆಟ್ಟಿಲ ಮೇಲೆ ಅವಳು ಕೂತದ್ದು ನನಗೆ ಸಾಯುವವರೆಗೂ ಕಾಣುತ್ತಿರುತ್ತದೆ ಅನ್ನಿಸಿತು.

ಅಷ್ಟರಲ್ಲಿ ಹೊಸ ಅಧಿಕಾರಿಯೊಬ್ಬರು ಬಂದರು. ಚಿಕ್ಕ ವಯಸ್ಸು, ಚುರುಕು ಮಾತು, ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಬೆಂಗಳೂರಿನ ಜನ ಶನಿವಾರ ಭಾನುವಾರ ಎಲ್ಲಿ ಹೋಗುವುದು ಅಂತ ಒದ್ದಾಡುತ್ತಾರೆ, ಈ ಕೆರೆಯನ್ನು ಅವರಿಗೆ ತೆರೆಯೋಣ ಅಂದರು. ದಡದಲ್ಲಿ ನಡೆಯುವ ದಾರಿ, ನೀರಿನಲ್ಲಿ ದೋಣಿ, ಮರದ ಕೆಳಗೆ ಬೆಂಚು. ನನ್ನ ಕಿವಿ ನೆಟ್ಟಗಾಯಿತು. ಕೆಲಸವನ್ನು ಪಿಳ್ಳಮ್ಮನ ಗುಂಪಿಗೇ ಕೊಡಿ ಅಂತ ಕೇಳಿಕೊಂಡೆ. "ಸರಿ, ದಡದ ದಾರಿ ಮಾಡಿ ತೋರಿಸಲಿ, ನೋಡೋಣ" ಅಂದರು.

ನೋಡಿದರು, ಅಯ್ಯೋ. ನಾವು ಜೀವನವೆಲ್ಲ ಕಲಿತದ್ದು ಕೂಪು ಅಂದರೆ ತೊಳೆದಿಟ್ಟ ತಟ್ಟೆಯ ಹಾಗಿರಬೇಕು ಅಂತ. ಒಂದು ಕಡ್ಡಿ ಉಳಿದರೂ ಮೇಲಿನವರು ಬೈಯುತ್ತಿದ್ದರು. ಅದೇ ಉತ್ಸಾಹದಲ್ಲಿ ದಾರಿಯ ಎರಡೂ ಬದಿ ಒಂದು ಪೊದೆ ಬಿಡಲಿಲ್ಲ, ಒಂದು ಬಳ್ಳಿ ಬಿಡಲಿಲ್ಲ. ಹುತ್ತದ ಮೇಲಿನ ಹುಲ್ಲನ್ನೂ ಕೆತ್ತಿದೆವು. ಗುಡಿಸಿದೆವು. ಉಳಿದ ಮರಗಳಿಗೆಲ್ಲ ಸೊಂಟದವರೆಗೆ ಸುಣ್ಣ, ಮೇಲೊಂದು ಕೆಮ್ಮಣ್ಣಿನ ಪಟ್ಟೆ. ಪಿಳ್ಳಮ್ಮನ ಸೋದರಳಿಯ ಮುನಿರಾಜ ಪಟ್ಟೆ ನೆಟ್ಟಗಿರಲಿ ಅಂತ ದಾರ ಹಿಡಿದು ಬಳಿದಿದ್ದ. ನಾನು ಹೆಮ್ಮೆಯಿಂದ ಮೇಡಂ ಅವರನ್ನು ಕರೆದುಕೊಂಡು ಬಂದೆ.

ಅವರು ದಾರಿಯ ಉದ್ದಕ್ಕೂ ಒಮ್ಮೆ ನಡೆದು ನೋಡಿದರು. ಆಮೇಲೆ, "ಏನ್ರೀ ಇದು? ಮದುವೆಗೆ ಶಾಮಿಯಾನ ಹಾಕ್ತಾರಾ ಇಲ್ಲಿ?" ಅಂದರು.

"ಕ್ಲೀನಾಗಿದೆ ಮೇಡಂ."

"ಜನ ಕಾಡು ನೋಡೋಕೆ ಬರ್ತಾರೆ ಕಣ್ರೀ. ನೀವು ಕಾಡನ್ನೇ ಗುಡಿಸಿ ಆಚೆ ಹಾಕಿದೀರಲ್ಲ!"

ಹಿಂದೆ ನಿಂತಿದ್ದ ಪಿಳ್ಳಮ್ಮ ಮೆಲ್ಲಗೆ, "ಬೇಕಾದ್ರೆ ವಾಪಸ್ ಹಾಕ್ತೀವವ್ವ" ಅಂದಳು. ಮೇಡಂಗೆ ನಗು ಬಂತು, ಆದರೆ ಆ ನಗುವಿನಿಂದ ನಮಗೇನೂ ಆಗಲಿಲ್ಲ. ಇವರಿಗೆ ಕಡಿಯುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಅನ್ನುವುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಪಾರ್ಕು ನೋಡಿಕೊಳ್ಳಲು ನಗರದಿಂದ ಒಂದು ಏಜೆನ್ಸಿಯವರನ್ನು ಕರೆಸುವುದು ಅಂತ ಮಾತಾಯಿತು. ಪಿಳ್ಳಮ್ಮನ ಗುಂಪಿಗೆ ಒಂದು ಕೊನೆಯ ಕೆಲಸ ಕೊಟ್ಟರು. ದೋಣಿ ಓಡಾಡಲು ಕೆರೆ ಅಂಗಳದ ಕರಿಜಾಲಿ ಮರಗಳನ್ನೆಲ್ಲ ಕಡಿದು ತೆಗೆಯಬೇಕು. ಆ ಬೇಸಿಗೆಯ ಕೂಲಿ ಅದು. ಅದು ಮುಗಿದರೆ ಎಲ್ಲ ಮುಗಿದ ಹಾಗೆ.

ಶಿವರಾತ್ರಿ ಕಳೆದು ಕೆಲಸ ಶುರುವಾಯಿತು. ಅಂಚಿನ ಮರಗಳಲ್ಲಿ ಏನೂ ಇರಲಿಲ್ಲ. ಕಡಿಯುತ್ತ ಒಳಗೆ ಹೋದಾಗ ಒಂದು ಜಾಲಿ ನೆಟ್ಟಗೆ ಬೀಳದೆ ಪಕ್ಕದ ಮರಕ್ಕೆ ಒರಗಿತು. ಪಕ್ಕದ ಮರದ ಗೂಡು ಕಳಚಿ ಕೆಳಗೆ ಬಂತು. ಗೂಡಿನಲ್ಲಿದ್ದವು ಬಣ್ಣದ ಕೊಕ್ಕರೆಯ ಎರಡು ಮರಿ. ಇನ್ನೂ ನೆಟ್ಟಗೆ ಪುಕ್ಕ ಬಂದಿರಲಿಲ್ಲ, ಮಣ್ಣಿನಲ್ಲಿ ಹೊರಳುತ್ತ ಕೊಕ್ಕು ಬಡಿಯುತ್ತಿದ್ದವು.

ಪಿಳ್ಳಮ್ಮ ತಲೆಯೆತ್ತಿ ನೋಡಿದಳು. ನಾನೂ ನೋಡಿದೆ. ಮುಂದಿನ ಮರದಲ್ಲಿ ಗೂಡು. ಅದರಾಚೆಯ ಮರದಲ್ಲಿ ಎರಡು. ಅಂಗಳದ ನಡುವಿನವರೆಗೂ ಗೂಡೇ ಗೂಡು. ಕೊಕ್ಕರೆ ಹಾರುವುದನ್ನು ಕಂಡಿದ್ದೆ, ಆದರೆ ಅಷ್ಟು ವರ್ಷ ಕೆರೆಗೆ ಬೆನ್ನು ಹಾಕಿದ್ದವನಿಗೆ ಅವು ಇಲ್ಲೇ ಮರಿ ಮಾಡುತ್ತವೆ ಅಂತ ಗೊತ್ತೇ ಇರಲಿಲ್ಲ.

ಅವಳು ಮಣ್ಣು ಹೊರುವ ಮಂಕರಿಗೆ ಹುಲ್ಲು ಹಾಸಿ, ಮರಿಗಳನ್ನು ಅದರಲ್ಲಿಟ್ಟು, ಗೂಡಿದ್ದ ಮರದ ಕವಲಿಗೇ ಮುನಿರಾಜನ ಕೈಲಿ ಕಟ್ಟಿಸಿದಳು. ಆಮೇಲೆ ತನ್ನ ಚೀಲದಿಂದ ಹಳೆ ಸೀರೆ ತೆಗೆದು ಹರಿಯತೊಡಗಿದಳು. ಒಂದು ಮರಕ್ಕೆ ಕಟ್ಟಿದಳು, ಇನ್ನೊಂದಕ್ಕೆ ಕಟ್ಟಿದಳು. ಸೀರೆ ಮುಗಿಯಿತು, ಮರ ಮುಗಿಯಲಿಲ್ಲ.

"ಗರಗಸ ನಿಲ್ಸಿ. ಎಲ್ಲಾ ಬಾಣಂತೀರೇ ಇಲ್ಲಿ" ಅಂದಳು.

ಮುನಿರಾಜನಿಗೆ ತಡೆಯಲಾಗಲಿಲ್ಲ. "ಅತ್ತೆ, ತಲೆ ಕೆಟ್ಟೈತಾ? ಇದೇ ಕೊನೇ ಕೂಪು. ನಾವು ಬಿಟ್ರೆ ಬೇರೆಯೋರು ಬಂದು ಕಡೀತಾರೆ. ನಮ್ಗೂ ಇಲ್ಲ, ಹಕ್ಕಿಗೂ ಇಲ್ಲ."

"ಬೇರೆಯೋರು ಕಡೀಲಿ. ನಮ್ ಕೈಲಿ ಬೇಡ."

"ಮನೇಲಿ ಮಕ್ಳಿಗೆ ಏನ್ ಹಾಕ್ತೀಯ?"

ಅವಳು ಕೊಡಲಿಯನ್ನು ಮಡಿಲಲ್ಲಿಟ್ಟುಕೊಂಡು ಮಂಕರಿಯ ಮರದ ಎದುರು ಸ್ವಲ್ಪ ದೂರದಲ್ಲಿ ಕೂತಳು. ಅದೇ ಕೂರುವಿಕೆ, ನನ್ನ ಮೆಟ್ಟಿಲ ಮೇಲೆ ಕೂತಿದ್ದಳಲ್ಲ, ಅದೇ. ನನಗೆ ಗೊತ್ತಾಯಿತು, ಇವಳು ಇನ್ನು ಏಳುವುದಿಲ್ಲ.

ಮೇಡಂಗೆ ಫೋನ್ ಮಾಡಿದೆ. ರೇಗಿದರು. ದೋಣಿಗೆ ದಿನ ಗೊತ್ತಾಗಿದೆ, ಆಹ್ವಾನ ಹೋಗಿದೆ, ನೀವೇನು ತಮಾಷೆ ಮಾಡುತ್ತೀರಾ ಅಂದರು. "ಒಂದು ಸಲ ಬಂದು ನೋಡಿ ಮೇಡಂ" ಅಂದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಮೇಲಿನವರಿಗೆ ಎದುರು ಹೇಳಿದ್ದು ಅಂದರೆ ಅಷ್ಟೇ.

ಮಾರನೆಯ ಬೆಳಗ್ಗೆ ಬಂದರು. ಮುಖ ಗಂಟಿಕ್ಕಿತ್ತು. ಪಿಳ್ಳಮ್ಮ ಆಗಲೇ ಬಂದು ಅಲ್ಲೇ ಕೂತಿದ್ದಳು, ಮೇಡಂ ಬಂದರೂ ಏಳಲಿಲ್ಲ. ಬಾಯಿಗೆ ಬೆರಳಿಟ್ಟು ಶ್ ಅಂದಳು. ಈಗ ಬೈಗುಳ ಬೀಳುತ್ತದೆ ಅಂದುಕೊಂಡೆ. ಆದರೆ ಮೇಡಂ ಸುಮ್ಮನೆ ಅವಳ ಪಕ್ಕ ಕೂತುಬಿಟ್ಟರು. ತಾಯಿ ಕೊಕ್ಕರೆ ಮೇಲೆ ಸುತ್ತುತ್ತಿತ್ತು. ಇಳಿಯುತ್ತದೆ ಅನ್ನುವಾಗ ಮತ್ತೆ ಏರುತ್ತಿತ್ತು. ಮಂಕರಿ ಅದಕ್ಕೆ ಹೊಸದು. ಬಹಳ ಹೊತ್ತಾದ ಮೇಲೆ ಅದು ಪಕ್ಕದ ಕೊಂಬೆಗೆ ಬಂದು ಕೂತಿತು, ಕತ್ತು ಓರೆ ಮಾಡಿ ನೋಡಿತು, ಮಂಕರಿಯ ಅಂಚಿಗೆ ಕಾಲಿಟ್ಟಿತು. ಮರಿಗಳು ಕಿರುಚಿದವು. ಅದು ಬಗ್ಗಿ ಗಂಟಲಿನಿಂದ ಮೀನು ಹೊರಹಾಕಿತು.

ಮುನಿರಾಜ, ಹಿಂದಿನ ದಿನ ಅಷ್ಟು ಕೂಗಾಡಿದವನು, "ತಿಂತಾವೆ ಅತ್ತೆ, ತಿಂತಾವೆ!" ಅಂತ ಅಂದ. ಪಿಳ್ಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಮುಚ್ಚಿಡುವುದೇನಿದೆ.

ಮೇಡಂ ಎದ್ದು ಸುತ್ತ ನೋಡಿದರು. ಹತ್ತಿರದ ಮರಗಳಿಗೆ ಕಟ್ಟಿದ್ದ ಸೀರೆಯ ಚೂರುಗಳು ಗಾಳಿಗೆ ಆಡುತ್ತಿದ್ದವು. ಅದೇನು ಅಂತ ಕೇಳಿದರು, ಹೇಳಿದೆ. "ಇದಕ್ಕೆ ಕೂಲಿ ಕೊಡೋಕಾಗಲ್ಲಮ್ಮ, ಕಡಿಯದ ಮರಕ್ಕೆ ಬಿಲ್ ಮಾಡೋಕೆ ಬರಲ್ಲ" ಅಂದರು ಪಿಳ್ಳಮ್ಮನಿಗೆ.

"ಗೊತ್ತು ಕಣವ್ವ. ಯಾರು ಕೇಳಿದ್ರು?"

ಮೇಡಂ ಅಂಗಳದ ಉದ್ದಕ್ಕೂ ಕಣ್ಣು ಹಾಯಿಸಿದರು. "ದೋಣಿಗೆ ಬೇರೆ ಎಲ್ಲಾದರೂ ಆಳ ಇದೆಯೇನ್ರೀ?" ಅಂತ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವುದರೊಳಗೆ ಎಲ್ಲರೂ ಒಟ್ಟಿಗೆ "ಲಾರಿ ಗುಂಡಿ!" ಅಂತ ಕೂಗಿದರು. ನಮ್ಮ ಹಳೆಯ ಸಾಹೇಬರು ಎಲ್ಲಿದ್ದಾರೋ, ಅವರ ಹೊಟ್ಟೆ ತಣ್ಣಗಿರಲಿ.

ದೋಣಿ ತಡವಾಗಿಯೇ ಶುರುವಾಯಿತು, ಏರಿಯ ಪಕ್ಕದ ಲಾರಿ ಗುಂಡಿಯಲ್ಲಿ. ಜಾಲಿ ಮರಗಳು ಅಲ್ಲೇ ಉಳಿದವು. ಬಂದ ಜನ ಎರಡು ಸುತ್ತು ದೋಣಿಯಲ್ಲಿ ಹೋಗಿ, ಆಮೇಲೆ ಹೊತ್ತು ಹೋಗುವುದೇ ತಿಳಿಯದೆ ದಡದಲ್ಲಿ ಕೂತು ಕೊಕ್ಕರೆ ನೋಡುತ್ತಿದ್ದರು. ಏಜೆನ್ಸಿಯ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ. ಪಾಳ್ಯದಲ್ಲಿ ಅರಣ್ಯ ಸಮಿತಿ ಮಾಡಿಸಿ, ಕೆರೆಯನ್ನು ನೋಡಿಕೊಳ್ಳುವುದನ್ನು ಅದಕ್ಕೇ ವಹಿಸಿದರು. ಮುನಿರಾಜ ದೋಣಿಗೆ ಹುಟ್ಟು ಹಾಕುತ್ತಾನೆ. ಹೆಂಗಸರು ಟಿಕೆಟ್ ಕೊಡುವುದು, ದಾರಿ ಕಾಯುವುದು, ವಾರದ ಕೊನೆಯಲ್ಲಿ ರಾಗಿ ರೊಟ್ಟಿ ಸುಟ್ಟು ಮಾರುವುದು. ಗುಡಿಸುವುದು ಮಾತ್ರ ಬೇಡ ಅಂತ ಮೇಡಂ ಬರೆದು ಹಾಕಿಸಿದ್ದಾರೆ. ಪಿಳ್ಳಮ್ಮನಿಗೆ ಹಸಿರು ಜಾಕೆಟ್ಟು, ಕೊರಳಲ್ಲಿ ಸೀಟಿ. ಅವಳ ಕೊಡಲಿ ಕಾವಲು ಗುಡಿಸಲಿನ ಗೋಡೆಯ ಮೇಲೆ ಮೊಳೆಗೆ ನೇತಾಡುತ್ತಿದೆ.

ನಾನು ನಿವೃತ್ತನಾಗಿ ಈಗ ಮಧುರೆಯಲ್ಲೇ ಇದ್ದೇನೆ. ಮೊನ್ನೆ ಬೆಳಗ್ಗೆ ವಾಕಿಂಗಿಗೆ ಅಂತ ಕೆರೆಗೆ ಹೋದೆ. ಏರಿಯ ಮೇಲೆ ಅದೇ ಬೇವಿನ ಮರ. ಕೈ ತಾನಾಗಿ ಮೇಲೆ ಹೋಯಿತು, ಒಂದು ಕಡ್ಡಿ ಮುರಿದೆ. ಕಿವಿ ಕಿತ್ತುಹೋಗುವ ಹಾಗೆ ಸೀಟಿ ಕೇಳಿಸಿತು.

"ಏಯ್! ಯಾರದು ಮರ ಮುರಿಯೋದು?" ಹತ್ತಿರ ಬಂದು ನೋಡಿದಳು. ಗುರುತು ಸಿಕ್ಕಿದ ಮೇಲಾದರೂ ಬಿಡಬೇಕೋ ಬೇಡವೋ? ಬಿಡಲಿಲ್ಲ. ಕೈ ಚಾಚಿದಳು. "ಕೊಡು ಇಲ್ಲಿ."

"ಹಲ್ಲುಜ್ಜೋ ಕಡ್ಡಿ ಕಣಮ್ಮಾ ಇದು. ನಾನು ಕಣೇ, ಗಾರ್ಡಪ್ಪ."

"ಯಾರಾದ್ರೇನು. ಗುಡಿಸಲ ತಾವ ಬಂದು ಈಸ್ಕೊ."

ಕಡ್ಡಿ ಕಿತ್ತುಕೊಂಡು ನಡೆದೇಬಿಟ್ಟಳು. ಹಿಂದೆಯೇ ಹೋದೆ. ಅವಳು ಕಡ್ಡಿಯನ್ನು ಕೊಡಲಿಯ ಪಕ್ಕ ಗೋಡೆಗೆ ಸಿಕ್ಕಿಸಿದಳು. ನಾನು ಗುಡಿಸಲಿನ ಮೆಟ್ಟಿಲ ಮೇಲೆ ಕೂತೆ. ಅವಳು ಓಡಾಡಿದಾಗಲೆಲ್ಲ ನನ್ನನ್ನು ದಾಟಿಕೊಂಡೇ ಹೋಗಬೇಕು, ದಾಟಿಕೊಂಡು ಹೋದಳು. ರೊಟ್ಟಿ ಚಟ್ನಿ ತಂದುಕೊಟ್ಟಳು. ಬಾಯಿ ಮುಕ್ಕಳಿಸಿ ತಿಂದೆ. ಎದುರಿಗೆ ಕೆರೆ, ಜಾಲಿ ಮರಗಳ ಮೇಲೆ ಕೊಕ್ಕರೆಗಳು ಕೂಗಾಡುತ್ತಿದ್ದವು. ಬಿಸಿಲು ಏರಿದರೂ ಎದ್ದು ಹೋಗುವ ಮನಸ್ಸಾಗಲಿಲ್ಲ.

ಕೊನೆಗೆ ಕೇಳಿದೆ. "ಪಿಳ್ಳಮ್ಮಾ, ನ್ಯಾಯ ಬೇಡ್ವೇ? ಅವತ್ತು ನೀನು ಹಿಂಗೇ ಕೂತಿದ್ದೆ. ಸಂಜೆಗೆ ನಾನು ಕೊಡ್ಲಿ ವಾಪಸ್ ಕೊಟ್ಟೆ ತಾನೇ?"

ಅವಳು ಗೋಡೆಯ ಮೇಲಿನ ಕೊಡಲಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಕೊಟ್ಟೆ. ಕೊಟ್ಟಿದ್ದಕ್ಕೇ ಅಷ್ಟು ಮರ ಹೋದ್ವು. ನಾನು ಕೊಡಲ್ಲ."

ನಾನು ಬೇಡುತ್ತೇನೆ, ಅವಳು ಕೊಡುವುದಿಲ್ಲ. ಇದಕ್ಕಿಂತ ಒಳ್ಳೆಯದು ನನ್ನ ನೌಕರಿಯಲ್ಲಿ ಇನ್ನೊಂದು ಆಗಿಲ್ಲ. ಕಡ್ಡಿ ಅಲ್ಲೇ ಬಿಟ್ಟು, ಹಲ್ಲುಜ್ಜದೆ ಮನೆಗೆ ಬಂದೆ.